ದೊಡ್ಡೇರಿಯ ಹೊಂಗೆಎಣ್ಣೆ ಇಂಜಿನ್

ಮೊನ್ನೆ ಮಧುಗಿರಿಯ ನಿಲ್ದಾಣದಲ್ಲಿ ಬಯೋಡೀಸೆಲ್ ಬಸ್ಸೊಂದು ಹೊಗೆ ಬಿಟ್ಟುಕೊಂಡು ಹೊರಟಿತು. ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನೊಬ್ಬ ಉಸಿರೆಳೆದುಕೊಂಡು ನಿಂತೆ. ಬೋಂಡ ಕರಿದ ಬಾಣಲೆಯ ವಾಸನೆ. ಪಕ್ಕದವರು ನನ್ನನ್ನು ಒಂಥರಾ ನೋಡಿದರು. ನೋಡಲಿ ಬಿಡಿ, ಅವರಿಗೆ ದೊಡ್ಡೇರಿಯಲ್ಲಿ ನನಗಿರುವಂಥ ಸೋದರತ್ತೆ ಇರಲಿಕ್ಕಿಲ್ಲ.

ಅತ್ತೆಯ ಹೊಲದ ಬದುವಿನಲ್ಲಿ ಮೂರು ಹೊಂಗೆಮರ. ನೆರಳಿಗೆ ಕಡಲೆಕಾಯಿ ಗಿಡ ಏಳುವುದಿಲ್ಲವೆಂದು ಒಂದು ವರ್ಷ ಮಾವ ಅವನ್ನು ಕಡಿಸಲು ಹೊರಟರು. ಅತ್ತೆಗೋ ಆ ಮರಗಳೆಂದರೆ ಪ್ರಾಣ. ಮದುವೆಯಾಗಿ ಬಂದ ವರ್ಷ ತಾನೇ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದು. ಕೃಷಿಮೇಳಕ್ಕೆ ಹೋಗಿಬಂದವಳು ಹೊಸ ಅಸ್ತ್ರವನ್ನೇ ತಂದಳು.

"ಹೊಂಗೆ ಎಣ್ಣೇಲಿ ನಮ್ಮ ನೀರೆತ್ತೋ ಡೀಸೆಲ್ ಇಂಜಿನ್ ಓಡ್ತದಂತೆ. ಒಂದ್ಸಲ ನೋಡಿ. ಆಗ್ಲಿಲ್ಲ ಅಂದ್ರೆ ನಾನೇ ಗರಗಸ ತಂದ್ಕೊಡ್ತೀನಿ."

"ಇಂಜಿನ್ ಕೆಟ್ರೆ ಮೂರೂ ಮರ ಹೋಯ್ತು ಅಂತ ತಿಳ್ಕ" ಎಂದರು ಮಾವ. ಅವರಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

ರಜೆಗೆ ಬಂದಿದ್ದ ನಾನೇ ಸಿಕ್ಕಿಬಿದ್ದೆ. ಬೀಜ ಆಯ್ದು ಒಣಗಿಸಿ, ಗಾಣದಲ್ಲಿ ಎಣ್ಣೆ ತೆಗೆಸಿ, ಪಂಚೆಯಲ್ಲಿ ಸೋಸಿದೆವು. ಪಂಚೆ ನನ್ನದು, ಅದರ ವಾಸನೆ ಕೊನೆಯವರೆಗೂ ಹೋಗಲಿಲ್ಲ. ಸರಿಯಾದ ಬಯೋಡೀಸೆಲ್ ಆಗಬೇಕಾದರೆ ಇನ್ನೂ ಏನೇನೋ ಬೆರೆಸಬೇಕಂತೆ, ಅದು ನಮ್ಮ ಕೈಲಾಗುವ ಕೆಲಸವಲ್ಲ. ಬರೀ ಎಣ್ಣೆಗೆ ಮೇಳದವರು ಹೇಳಿಕೊಟ್ಟ ಕ್ರಮ ಒಂದೇ: ಡೀಸೆಲ್‌ನಲ್ಲಿ ಶುರು ಮಾಡಿ, ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಐದು ನಿಮಿಷ ಡೀಸೆಲ್ ಓಡಿಸಬೇಕು. ಇಲ್ಲದಿದ್ದರೆ ಎಣ್ಣೆ ಒಳಗೇ ಕಟ್ಟಿಕೊಳ್ಳುತ್ತದೆ.

ಇಂಜಿನ್ ಓಡಿತು ನೋಡಿ! ಕಡಲೆಕಾಯಿ ಹೊಲವೆಲ್ಲ ನೆನೆಯಿತು. ಅತ್ತೆ ನಗುನಗುತ್ತಾ ಬುತ್ತಿ ತರಲು ಮನೆಗೆ ಹೋದಳು. ಅಷ್ಟರಲ್ಲಿ ಕೆರೆ ಏರಿಯ ಮೇಲೆ ಒಂದು ಹೆಣ ಬಂತು. ಹೆಣ ಹೋಗುವಾಗ ಹೊಲದಲ್ಲಿ ಸದ್ದು ಮಾಡಬಾರದೆಂಬುದು ಆ ಊರಿನ ಪದ್ಧತಿ. ಮಾವ ತಟ್ಟನೆ ಇಂಜಿನ್ ನಿಲ್ಲಿಸಿ, ಟವೆಲ್ ತೆಗೆದು ಕೈಮುಗಿದರು. ನಾನೂ ಪಕ್ಕದಲ್ಲೇ ಕೈಮುಗಿದೆ. ಡೀಸೆಲ್ಲಿನ ನೆನಪು ಇಬ್ಬರಿಗೂ ಬರಲಿಲ್ಲ.

ಮರುದಿನ ಎಷ್ಟು ಹ್ಯಾಂಡಲ್ ತಿರುಗಿಸಿದರೂ ಇಂಜಿನ್ ಕೆಮ್ಮಲೂ ಇಲ್ಲ. ಆಗ ನನಗೆ ಎಲ್ಲವೂ ಹೊಳೆಯಿತು. ಆದರೂ ಗಂಡ ಹೆಂಡಿರ ನಡುವೆ ನಾನ್ಯಾಕೆ ಎಂದು ತೆಪ್ಪಗಿದ್ದೆ. ಅತ್ತೆ ಅಲ್ಲೇ ಕೂತುಬಿಟ್ಟಳು. ಕಣ್ಣಲ್ಲಿ ನೀರು.

"ಮಾತಂದ್ರೆ ಮಾತು. ಕಡಿಸ್ಬುಡಿ" ಎಂದಳು.

ಶಿರಾದಿಂದ ಮೆಕ್ಯಾನಿಕ್ ಬಾಷಾ ಸಾಬರು ಬಂದು ಇಂಜಿನ್ನಿಗೆ ಎಣ್ಣೆ ಚಿಮ್ಮಿಸುವ ನಾಜಲ್ ಬಿಚ್ಚಿ, ಬೆರಳಿಗೆ ಅಂಟಿದ ಜಿಡ್ಡನ್ನು ನೋಡಿದರು. "ಎಣ್ಣೇದೇನೂ ತಪ್ಪಿಲ್ಲಮ್ಮಾ. ಡೀಸೆಲ್‌ಗೆ ತಿರುಗಿಸ್ದೆ ನಿಲ್ಲಿಸ್ಬಿಟ್ಟವ್ರೆ. ಯಾರು ನಿಲ್ಸಿದ್ದು?"

ಅತ್ತೆ ನನ್ನ ಮುಖ ನೋಡಿದಳು. ನಾನು ಮಾವನ ಮುಖ ನೋಡಿದೆ. ಮಾವ ಸುಮ್ಮನಿದ್ದಿದ್ದರೆ ಸಾಕಿತ್ತು, ನಗರದ ಹುಡುಗನದೇ ತಪ್ಪೆಂದು ಎಲ್ಲರೂ ನಂಬುತ್ತಿದ್ದರು. ಅತ್ತೆಯ ಕಡೆಯವನಿಂದಲೇ ಇಂಜಿನ್ ಕೆಟ್ಟಿತೆಂದು ಮರಗಳೂ ಉರುಳುತ್ತಿದ್ದವು.

"ನಾನೇ ಕಣಪ್ಪ" ಎಂದರು ಮಾವ.

ಮರಗಳು ಇವತ್ತಿಗೂ ಬದುವಿನ ಮೇಲಿವೆ. ನನಗೆ ಮಾತ್ರ ಆ ದಿನದ ನನ್ನ ಮೌನ ಇಷ್ಟು ವರ್ಷ ಚುಚ್ಚುತ್ತಲೇ ಇತ್ತು. ಮೊನ್ನೆ ನಿಲ್ದಾಣದಿಂದಲೇ ಮಾವನಿಗೆ ಫೋನ್ ಮಾಡಿ, ಅವತ್ತು ಗೊತ್ತಿದ್ದೂ ಬಾಯಿ ಬಿಡಲಿಲ್ಲವೆಂದು ಒಪ್ಪಿಕೊಂಡೆ.

ಮಾವ ನಕ್ಕರು. "ಗೊತ್ತು ಕಣ್ಲಾ. ನೀನು ಹೇಳ್ಬುಟ್ಟಿದ್ರೆ ನಾನು ಇಲ್ಲ ಅಂತ ಜಗಳಾಡ್ತಿದ್ದೆ. ಸುಮ್ಕೆ ನನ್ ಮುಖ ನೋಡ್ದೆ ನೋಡು, ಅದ್ಕೇ ಹೇಳ್ಬೇಕಾಯ್ತು."