ಯಾಕೂಬಸಾಬರ ಉದ್ದ ಸೀಟು

ನನ್ನ ಗಂಡ ಯಾಕೂಬಸಾಬರು ಕುಕ್ಕರ್ ಮತ್ತು ಗ್ಯಾಸ್ ಒಲೆ ರಿಪೇರಿ ಮಾಡುತ್ತಿದ್ದರು. ಅಂಗಡಿ ಇರಲಿಲ್ಲ. ಮೋಟರ್ ಸೈಕಲ್ಲೇ ಅಂಗಡಿ. ಸೀಟಿನ ಹಿಂದಿನ ಅರ್ಧವನ್ನು ಕೆಳಗಿನ ಕಬ್ಬಿಣದ ಸಮೇತ ಕೊಯ್ಯಿಸಿ ತೆಗೆದು, ಅಲ್ಲಿ ಕಬ್ಬಿಣದ ಪೆಟ್ಟಿಗೆ ಕೂರಿಸಿದ್ದರು. ಅದರೊಳಗೆ ಕುಕ್ಕರಿನ ರಬ್ಬರು, ವಿಸಲ್, ಹಿಡಿಕೆ, ಗ್ಯಾಸ್ ಪೈಪು, ನಟ್ಟು ತಿರುಗಿಸುವ ಪಾನಾ, ಇಕ್ಕಳ. ಬೆಳಿಗ್ಗೆ ಶಹಾಪುರ ಬಿಟ್ಟರೆ ಕೆಂಭಾವಿ ಸಂತೆ, ಸುರಪುರದ ಓಣಿಗಳು, ಹೊಳೆದಂಡೆಯ ಹಳ್ಳಿಗಳು. ಸಂಜೆಗೆ ವಾಪಸ್.

ಹುಟ್ಟಿದ್ದು ಶಿರವಾಳದಲ್ಲಿ. ಅವರ ಅಪ್ಪ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಮನೆಮನೆಗೆ ಸ್ಟೀಲು ಬಂತು, ಕಲಾಯಿ ನಿಂತಿತು. ಮಗ ಕುಕ್ಕರ್ ಬಿಚ್ಚುವುದನ್ನು ಕಲಿತರು. ಒಲೆ ರಿಪೇರಿ ಮಾಡಿದರೆ ಅದರ ಮೇಲೆ ಚಹಾ ಮಾಡಿಸಿ, ಕುಡಿದು ನೋಡಿಯೇ ಏಳುತ್ತಿದ್ದರು. ಹೀಗೆ ಊರೂರ ಚಹಾ ಕುಡಿದು ರಾತ್ರಿ ಊಟ ಬೇಡ ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು.

ನಾನು ಆ ಗಾಡಿಯ ಮೇಲೆ ಕೂತವಳಲ್ಲ. ಕೂರಲು ಜಾಗ ಎಲ್ಲಿತ್ತು? ಮದುವೆ, ದವಾಖಾನೆ, ಮಗಳು ಅಂಜುಮಳ ಮನೆ, ಎಲ್ಲಿಗೆ ಹೋದರೂ ನಾನು ಬಾಡಿಗೆಯ ಟಂಟಂ ಆಟೋದಲ್ಲಿ. ಅವರು ಗಾಡಿಯ ಮೇಲೆ ನಮ್ಮ ಟಂಟಂ ಹಿಂದೆ ಬರುತ್ತಿದ್ದರು. ಮುಂದೆ ಹೋಗುತ್ತಿರಲಿಲ್ಲ. ಟಂಟಂ ನಿಂತರೆ ಅವರೂ ನಿಲ್ಲುತ್ತಿದ್ದರು.

ಒಮ್ಮೆ ಸುರಪುರಕ್ಕೆ ಹೋಗುವಾಗ ಪಕ್ಕದಲ್ಲಿದ್ದ ಒಬ್ಬಳು ಕೇಳಿದಳು.

"ಯವ್ವಾ, ಆ ಮನಷ್ಯಾ ಆಗಲಿಂದ ನಮ್ಮ ಬೆನ್ನ ಹತ್ಯಾನ. ಯಾಂವ ಅಂವಾ?"

"ನನ್ನ ಗಂಡ."

"ಮತ್ತ ಗಾಡಿ ಮ್ಯಾಲ ಕೂಡೂದು ಬಿಟ್ಟು ಇಲ್ಯಾಕ ಕೂತೀಯೇ?"

"ಅಲ್ಲಿ ನನ್ನ ಸವತಿ ಕೂತಾಳ್ರಿ. ಕಬ್ಬಿಣದಾಕಿ."

ಇಡೀ ಟಂಟಂ ನಕ್ಕಿತು. ಇಳಿದ ಮೇಲೆ ಅವರಿಗೂ ಹೇಳಿದೆ. ಅವರು ನಗಲಿಲ್ಲ. ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು.

ಹೋದ ವರ್ಷ ಅವರಿಗೆ ಸೊಂಟ ನೋವು ಜಾಸ್ತಿಯಾಯಿತು. ಇನ್ನು ತಿರುಗಲು ಆಗುವುದಿಲ್ಲ, ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮೇಜು ಹಾಕಿಕೊಂಡು ಕೂರುತ್ತೇನೆ ಅಂದರು. ಮರುವಾರ ಯಾದಗಿರಿಯಿಂದ ಸೀಟು ತಂದರು. ಕಂಪನಿಯದಲ್ಲ, ಹೊರಗೆ ಮಾಡಿದ್ದು. ಕರಿ ರೆಕ್ಸಿನ್ನು, ಬದಿಗೆ ಕೆಂಪು ಹೊಲಿಗೆ. ಇಬ್ಬರು ಕೂರುವಷ್ಟು ಉದ್ದ.

"ಪೆಟ್ಟಿಗಿ ಇಳಸ್ತೀನಿ, ನಿನ್ನ ಏರಸ್ತೀನಿ," ಅಂದರು.

"ಪೆಟ್ಟಿಗಿಗಿಂತ ನಾ ಭಾರ ಅದೀನ್ರಿ."

"ಗೊತ್ತದ. ಅದಕ್ಕ ದಪ್ಪನ್ನ ಸೀಟ ತಂದೀನಿ."

"ಎಲ್ಲಿಗಿ ಕರ್ಕೊಂಡ ಹೋಗ್ತೀರಿ?"

"ಮೊದ್ಲ ತಿಂಥಣಿಗಿ. ಹೊಳಿ ನೋಡೂಣು."

ತಿಂಥಣಿಯ ಹೊಳೆಯ ಮಾತನ್ನು ನಾನು ಮದುವೆಯಾದಾಗಿನಿಂದ ಆಡುತ್ತಿದ್ದೆ. ಅವರು ಅಲ್ಲಿಗೆ ಎಷ್ಟೋ ಸಲ ಕುಕ್ಕರ್ ರಿಪೇರಿಗೆ ಹೋಗಿ ಬಂದಿದ್ದರು.

ಶುಕ್ರವಾರ ನಮಾಜು ಮುಗಿಸಿ ಬಂದು ಅಂಗಳದಲ್ಲಿ ಕೆಲಸಕ್ಕೆ ಕೂತರು. ಪೆಟ್ಟಿಗೆ ಇಳಿಸಿದರು. ಹಳೆ ಅರ್ಧ ಸೀಟು ತೆಗೆದರು. ಹೊಸ ಸೀಟಿನ ಮುಂದಿನ ನಾಲಿಗೆ ಟ್ಯಾಂಕಿನ ಕೆಳಗಿನ ಪಟ್ಟಿಗೆ ಸಿಕ್ಕಿಕೊಂಡಿತು. ಹಿಂದೆ ಮಾತ್ರ ಕೂರಲಿಲ್ಲ. ಪೆಟ್ಟಿಗೆ ಕೂರಿಸಲೆಂದು ಮೊದಲೇ ಅಲ್ಲಿಯ ಕಬ್ಬಿಣ ಕೊಯ್ಯಿಸಿದ್ದರಲ್ಲ, ಸೀಟಿಗೆ ಹಿಂದೆ ಆಸರೆಯೇ ಇರಲಿಲ್ಲ. ಎರಡು ಬೆರಳು ಸಂದು ಉಳಿಯಿತು.

"ಬಾ, ಕೂಡು," ಅಂದರು.

"ಅದು ಇನ್ನಾ ಅಲ್ಲಾಡಾಕತ್ತದ."

"ನಾ ಹಿಡ್ದೀನಿ, ಕೂಡು."

ನಾನು ಒಂದು ಬದಿಗೆ ಕಾಲು ಹಾಕಿ ಕೂತೆ. ಅವರು ಹಿಂದೆ ನಿಂತು ಆ ಸಂದಿನಲ್ಲಿ ಕೈ ಇಟ್ಟಿದ್ದರು. ಗಾಡಿ ಸ್ಟ್ಯಾಂಡಿನ ಮೇಲಿತ್ತು. ಮುಂದೆ ಯಾರೂ ಇರಲಿಲ್ಲ.

"ಇಳೀ ಮಾರಾಯ್ತಿ, ಬೆರಳು ಹ್ವಾದ್ವು," ಅಂದರು. ಇಬ್ಬರೂ ನಕ್ಕೆವು. ನಾಳೆ ಏನಾದರೂ ತಂದು ಸಂದು ತುಂಬುತ್ತೇನೆ ಅಂದರು.

ಮರುದಿನ ಬೆಳಿಗ್ಗೆ ಮುಖ ತೊಳೆಯುವಾಗ ಎದೆ ಹಿಡಿದುಕೊಂಡು ಕೂತರು. ಓಣಿಯವರು ಆಟೋ ತಂದರು. ಆ ದಿನ ನಾವಿಬ್ಬರೂ ಒಂದೇ ಗಾಡಿಯಲ್ಲಿ ಹೋದೆವು. ಅವರ ತಲೆ ನನ್ನ ತೊಡೆಯ ಮೇಲಿತ್ತು. ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು.

ಆಮೇಲೆ ಇದ್ದತ್. ನಾಲ್ಕು ತಿಂಗಳು ಹತ್ತು ದಿನ ವಿಧವೆ ಮನೆ ಬಿಟ್ಟು ಹೋಗುವಂತಿಲ್ಲ. ಪರಗಂಡಸರ ಮುಂದೆ ಬರುವಂತಿಲ್ಲ. ಒಳ್ಳೆಯ ಸೀರೆ ಇಲ್ಲ, ಬಳೆ ಇಲ್ಲ, ತಲೆಗೆ ವಾಸನೆ ಎಣ್ಣೆ ಇಲ್ಲ. ಬಂದವರೆಲ್ಲ ಸಬರ್ ಮಾಡು, ತಾಳಿಕೋ ಅಂದರು. ತಾಳಿಕೊಂಡು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಗಾಡಿ ಅಂಗಳದಲ್ಲಿ ಹಾಗೇ ನಿಂತಿತ್ತು. ಸಡಿಲ ಸೀಟಿನ ಮೇಲೆ ಕೋಳಿ ಕೂರುತ್ತಿತ್ತು. ಓಡಿಸಿದರೆ ಹಾರಿಹೋಗಿ, ನಾನು ಒಳಗೆ ಬಂದ ಕೂಡಲೇ ಮತ್ತೆ ಬರುತ್ತಿತ್ತು.

ನನ್ನ ತಮ್ಮ ಮುಸ್ತಫಾ ಯಾದಗಿರಿಯಲ್ಲಿ ಯಾರದೋ ಸಾಮಾನಿನ ಆಟೋ ಹೊಡೆಯುತ್ತಿದ್ದ. ಆ ಕೆಲಸ ಹೋಗಿತ್ತು. ಒಲೆ ಬಿಚ್ಚುವುದನ್ನು ಇವರಿಂದಲೇ ಕಲಿತಿದ್ದ. ನಮ್ಮ ಮನೆಗೆ ಅಕ್ಕಿ ಬೇಳೆ ತಂದು ಹಾಕಿದ್ದು ಅವನೇ. ಒಂದು ದಿನ ಅಂಗಳದಲ್ಲಿ ಗಾಡಿಯ ಸುತ್ತ ತಿರುಗಿ ನೋಡಿದ.

"ಆಪಾ, ಈ ಸೀಟ ತಗದು ಪೆಟ್ಟಿಗಿ ಹೊಳ್ಳಿ ಕೂಡಸ್ತೀನಿ. ಭಾಯಿ ಹೋಗ್ತಿದ್ದ ಊರಿಗೆಲ್ಲಾ ನಾ ಹೋಗ್ತೀನಿ. ಹೊಟ್ಟಿ ನಡೀಬೇಕಲ್ಲ?"

"ಇದ್ದತ್ ಮುಗೀಲಿ."

"ಇದ್ದತ್ ನಿಂಗ ಆಪಾ, ಗಾಡಿಗಲ್ಲ."

"ಗಾಡಿಗೂ ಅದ."

ಅವನು ಸಡಿಲ ಸೀಟನ್ನು ಒತ್ತಿ ನೋಡಿದ. ನಾನೇ ಹೇಳಿದೆ.

"ಮುಗದ ದಿವಸ ನನ್ನ ಈ ಸೀಟಿನ ಮ್ಯಾಲ ಕೂಡಿಸ್ಕೊಂಡು ಒಮ್ಮಿ ಕರ್ಕೊಂಡು ಹೋಗು. ಆಮ್ಯಾಲ ತಗದು ಒಗಿ."

"ಎಲ್ಲಿಗಿ? ತಿಂಥಣಿಗಿ?"

"ತಿಂಥಣಿ ಬ್ಯಾಡ. ಕಬರಸ್ತಾನಕ್ಕ."

"ಹೆಣ್ಮಕ್ಳು ಒಳಗ ಹೋಗಂಗಿಲ್ಲಲ್ಲ, ಆಪಾ."

"ಹೊರಗ ಗಾಡಿ ಮ್ಯಾಲೇ ಕೂತಿರ್ತೀನಿ."

"ಸೀಟೇ ಕೂತಿಲ್ಲ. ದಾರ್ಯಾಗ ಬೀಳ್ತಿ. ಹಳೀ ಅರ್ಧ ಸೀಟ ಹಾಕ್ತೀನಿ, ಹಿಂದ ಗೋಣಿಚೀಲ ಕಟ್ತೀನಿ, ಅದರ ಮ್ಯಾಲ ಕೂಡು."

"ಗೋಣಿಚೀಲದ ಮ್ಯಾಲ ಕೂಡಾಕ ನಾ ಏನು ಜ್ವಾಳಾ? ಇದನ್ನ ನಾ ಕೂಡಸ್ತೀನಿ, ನೀ ಹೋಗು."

ಮೆಕ್ಯಾನಿಕ್ಕನ್ನು ಕರೆಯುವಂತಿರಲಿಲ್ಲ. ಗಾಡಿಯನ್ನು ಹೊರಗೆ ಕಳಿಸಲು ನನಗೇ ಮನಸ್ಸಿರಲಿಲ್ಲ. ಅವರು ಮುಂದಿನದನ್ನು ಕೂರಿಸಿ ಹೋಗಿದ್ದರು. ಹಿಂದಿನದು ಮಾತ್ರ ಉಳಿದಿತ್ತು.

ಮೊದಲು ಕುಕ್ಕರ್ ರಬ್ಬರು ತಗೊಂಡೆ. ಕತ್ತರಿಸಿ ತುಂಡು ಮಾಡಿ, ಒಂದರ ಮೇಲೆ ಒಂದು ಇಟ್ಟು ಸಂದು ತುಂಬಿದೆ. ತಂತಿ ಸುತ್ತಿದೆ. ಮೇಲೆ ಕೂತೆ. ರಬ್ಬರೆಲ್ಲ ಜಾರಿ ಹೊರಗೆ ಬಂತು, ಸೀಟು ಕಟಕ್ ಅಂತ ಕೆಳಗೆ ಬಡಿಯಿತು. ಮತ್ತೆ ಮಾಡಿದೆ. ಮತ್ತೆ ಜಾರಿತು. ಅಂಗಳದ ತುಂಬ ರಬ್ಬರು ಬಿದ್ದಿತ್ತು. ಅದರ ನಡುವೆ ಕೂತು ಅತ್ತೆ. ಅವರು ಸತ್ತ ದಿನ ಅಷ್ಟು ಅತ್ತಿರಲಿಲ್ಲ.

ಪಕ್ಕದ ಮನೆಯ ಗೊಲ್ಲಾಳಮ್ಮ ಗೋಡೆಯ ಮೇಲಿಂದ ನೋಡಿ ಈ ಕಡೆ ಬಂದಳು. ನನಗಿಂತ ದೊಡ್ಡವಳು. ಅವಳೂ ಗಂಡನನ್ನು ಕಳೆದುಕೊಂಡವಳು.

"ಏ ಮದೀನಾ, ಗಾಡಿ ಹೆರಗಿ ಮಾಡ್ಸಾಕತ್ತೀ ಏನು?"

"ಸೀಟ ಕೂಡವಲ್ದಬೇ."

"ಎಲ್ಲಿಗಿ ಹೋಗಾಕಿ ನೀ ಇದರ ಮ್ಯಾಲ?"

ಹೇಳಿದೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತಳು. ಸಂದಿನೊಳಗೆ ಬೆರಳು ಹಾಕಿ ನೋಡಿದಳು.

"ಬರೇ ರಬ್ಬರ ಇಟ್ಟರ ನಿಲ್ಲಂಗಿಲ್ಲ. ನಡಬರಕ ಒಂದು ಬೋಲ್ಟ್ ಬೇಕು. ಪೆಟ್ಟಿಗಿ ಎದರಿಂದ ಹಿಡದಿತ್ತು?"

ಅವರು ನಟ್ಟು ಬಿಚ್ಚಿ ಪೆಟ್ಟಿಗೆ ಎತ್ತಿದ್ದರು, ಅದನ್ನು ಹಿಡಿದಿದ್ದ ಉದ್ದ ಬೋಲ್ಟುಗಳು ಗಾಡಿಗೇ ಅಂಟಿಕೊಂಡಿದ್ದವು. ತುಕ್ಕು. ಪಾನಾ ಹಾಕಿ ಇಬ್ಬರೂ ಜಗ್ಗಿದರೂ ಅಲುಗಲಿಲ್ಲ. ನನ್ನ ತಲೆಯ ಎಣ್ಣೆಯ ಬಾಟಲಿ ಗೂಡಿನಲ್ಲಿ ಹಾಗೇ ಇತ್ತು. ತಂದು ಸುರಿದೆ. ಅಂಗಳವೆಲ್ಲ ಮಲ್ಲಿಗೆ ವಾಸನೆ.

"ಅದೃಷ್ಟ ನೋಡು ಬೋಲ್ಟಿಂದು," ಅಂದಳು ಗೊಲ್ಲಾಳಮ್ಮ.

ಮರುದಿನ ಬೋಲ್ಟು ತಿರುಗಿದವು. ಗ್ಯಾಸ್ ಪೈಪನ್ನು ಸಂದಿನ ಅಳತೆಗೆ ಕೊಯ್ದೆ. ಬೋಲ್ಟು ಅದರೊಳಗೆ ಹೋಯಿತು. ಪೈಪಿನ ಸುತ್ತ ಕುಕ್ಕರ್ ರಬ್ಬರು ಬಿಗಿಯಾಗಿ ಸುತ್ತಿದೆ. ಸೀಟಿನ ತೂತು ಸಣ್ಣದಿತ್ತು, ಅವರ ದುಂಡನೆಯ ಅರದಿಂದ ತಿಕ್ಕಿ ದೊಡ್ಡದು ಮಾಡಿದೆ. ಗೊಲ್ಲಾಳಮ್ಮ ಸೀಟು ಒತ್ತಿ ಹಿಡಿದಳು, ನಾನು ಕೆಳಗಿನಿಂದ ನಟ್ಟು ಬಿಗಿದೆ. ಅಂಗೈ ಸುಲಿಯಿತು. ಸೀಟು ಕೂತಿತು. ಅವರ ಬೆರಳಿದ್ದ ಜಾಗದಲ್ಲಿ ಪೈಪಿನ ತುಂಡು ಇತ್ತು.

ಗೊಲ್ಲಾಳಮ್ಮ ಕೂತು ನೋಡು ಅಂದಳು. ನಾನು ಕೂರಲಿಲ್ಲ. ಆ ದಿನಕ್ಕೆ ಇರಲಿ ಅಂದೆ.

ಇದ್ದತ್ ಮುಗಿದ ಬೆಳಿಗ್ಗೆ ಮುಸ್ತಫಾ ಬಂದ. ಸೀಟನ್ನು ಎರಡೂ ಕೈಯಿಂದ ಅಲುಗಾಡಿಸಿ ನೋಡಿದ. ನಾನು ಬುರ್ಖಾ ಹಾಕಿಕೊಂಡು ಹಿಂದೆ ಕೂತೆ. ಓಣಿ ದಾಟಿದೆವು, ಬಸ್ ಸ್ಟ್ಯಾಂಡ್ ದಾಟಿದೆವು. ಎಲ್ಲಿ ಮೇಜು ಹಾಕುತ್ತೇನೆ ಅಂದಿದ್ದರೋ ಅಲ್ಲಿ ಒಬ್ಬ ಬಾಳೆಹಣ್ಣು ಮಾರುತ್ತಿದ್ದ. ತಗ್ಗು ಬಂದಾಗ ಮುಸ್ತಫಾನ ಭುಜ ಹಿಡಿದೆ. ಬಡಕಲು ಭುಜ, ಎಲುಬು ಕೈಗೆ ಹತ್ತಿತು. ಅವರದು ಹಾಗಿರಲಿಲ್ಲ. ಸೀಟು ಅಲುಗಲಿಲ್ಲ.

ಕಬರಸ್ತಾನದ ಗೋಡೆಯ ಹತ್ತಿರ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಟೋಪಿ ಹಾಕಿಕೊಂಡು ಅವನು ಒಳಗೆ ಹೋದ. ನಾನು ಹಿಂದೆ ಕೂತೇ ಇದ್ದೆ. ಗೋಡೆ ಎತ್ತರ, ಏನೂ ಕಾಣಲಿಲ್ಲ. ಮುಂದಿನ ಅರ್ಧ ಸೀಟು ಖಾಲಿ ಇತ್ತು. ಹಳೆ ಸೀಟಿನಲ್ಲಿ ಅವರು ಕೂತು ಕೂತು ತಗ್ಗು ಬಿದ್ದಿತ್ತು. ಇದರಲ್ಲಿ ಏನೂ ಇರಲಿಲ್ಲ. ಇದರ ಮೇಲೆ ಅವರು ಒಂದು ಸಲವೂ ಕೂತಿರಲಿಲ್ಲ. ಅಂಗಳದಲ್ಲಿ ಇಷ್ಟು ದಿನ ನೋಡಿದರೂ ಇದು ನನಗೆ ಹೊಳೆದಿರಲಿಲ್ಲ. ಇಲ್ಲಿಗೆ ಬಂದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಬಿಸಿಲಿಗೆ ರೆಕ್ಸಿನ್ನು ಕಾದು ಹೊಸದರ ವಾಸನೆ ಬರುತ್ತಿತ್ತು.

ಮುಸ್ತಫಾ ಕಣ್ಣು ಒರೆಸಿಕೊಂಡು ಹೊರಗೆ ಬಂದ.

"ಆಪಾ, ಜರಾ ಇಳೀ. ಗಾಡಿ ಹೊಳ್ಳಸ್ತೀನಿ."

ಇಳಿದೆ. ಮತ್ತೆ ಹತ್ತಿದೆ.

ಮನೆಗೆ ಬಂದು ಅವನು ಪಾನಾ ಕೇಳಿದ. ನಾನೇ ತಂದುಕೊಟ್ಟೆ. "ಇನ್ನೊಂದಿಷ್ಟು ದಿನ ಇರಲಿ ಏನು?" ಅಂದ. ಬೇಡ ಅಂದೆ. ನಾನು ಬಿಗಿದ ನಟ್ಟು ಬಿಚ್ಚಲು ಅವನಿಗೆ ಕಷ್ಟವಾಯಿತು. ಪೆಟ್ಟಿಗೆ ಏರಿತು. ಮರುದಿನ ಕೆಂಭಾವಿಗೆ ಹೋದ. ಎರಡೇ ಒಲೆ ಸಿಕ್ಕವಂತೆ.

ಸೀಟನ್ನು ಯಾದಗಿರಿಯ ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ, ತೂತು ದೊಡ್ಡದು ಮಾಡೀರಿ ಅಂದನಂತೆ. ಈಗ ಅಂಗಳದ ಗೋಡೆಗೆ ಒರಗಿಸಿ ಇಟ್ಟಿದ್ದೇನೆ. ಕೋಳಿ ಅದರ ಮೇಲೇ ಕೂರುತ್ತದೆ. ನಾನು ಓಡಿಸುವುದಿಲ್ಲ.