ಜೋಡಿಯಿಲ್ಲದ ಮಣಿ

ಸರ ಹರಿದದ್ದು ಬೆಳಗ್ಗೆ ಏಳೂವರೆಗೆ. ಆಫೀಸಿಗೆ ಹೊರಡುವ ಮುಂಚೆ ಮಗಳನ್ನು ಒಂದು ಸಲ ಎತ್ತಿಕೊಂಡೆ. ಹನ್ನೊಂದು ತಿಂಗಳ ಪೋರಿ ನನ್ನ ಕೊರಳ ಸರವನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ಮರದ ಮಣಿಗಳು ಅಡುಗೆಮನೆ ತುಂಬ ಉರುಳಿದವು. ಅವಳನ್ನು ನೆಲಕ್ಕಿಳಿಸಿ ಮಣಿ ಆರಿಸಲು ಬಗ್ಗಿದೆ. ಅಲ್ಲೇ ನಾನು ಕೆಟ್ಟೆ. ತಿರುಗಿ ನೋಡುವಷ್ಟರಲ್ಲಿ ಅವಳ ಬಾಯಿ ಏನನ್ನೋ ಅಗಿಯುತ್ತಿತ್ತು. ಬಾಯಿ ತೆರೆಸಿ ನೋಡಿದರೆ ಒಳಗೆ ಏನೂ ಇಲ್ಲ. ಇರಲೇ ಇಲ್ಲವೋ, ಆಗಲೇ ಇಳಿದುಹೋಗಿತ್ತೋ.

ಮಕ್ಕಳ ಡಾಕ್ಟರ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ನರ್ಸ್ ಫೋನ್ ಎತ್ತಿದರು.

"ಕೆಮ್ಮು ಇದೆಯಾ? ಉಸಿರು ಸರಿಯಾಗಿ ಆಡ್ತಿದೆಯಾ?"

"ಆಡ್ತಿದೆ. ಹಾಲೂ ಕುಡಿದಳು. ನಗ್ತಿದ್ದಾಳೆ."

"ನುಂಗಿದ್ದು ಖಾತ್ರಿನಾ?"

"ಗೊತ್ತಿಲ್ಲ."

"ಡಾಕ್ಟ್ರು ಹತ್ತಕ್ಕೆ ಬರ್ತಾರೆ, ಕರ್ಕೊಂಡು ಬನ್ನಿ. ಅಷ್ಟರಲ್ಲಿ ಕೆಮ್ಮು, ಏದುಸಿರು ಏನಾದ್ರೂ ಬಂದ್ರೆ ಕಾಯಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಹೋಗಿ. ಮರದ ಮಣಿ ಅಂದ್ರೆ ಎಕ್ಸ್-ರೇಲಿ ಕಾಣೋದು ಕಷ್ಟ. ಸರದಲ್ಲಿ ಒಟ್ಟು ಎಷ್ಟು ಮಣಿ ಇತ್ತು ಅಂತ ತಿಳ್ಕೊಂಡು ಬನ್ನಿ."

ಕೊರಳಿಗೆ ಹಾಕಿಕೊಂಡದ್ದನ್ನು ಯಾರು ಎಣಿಸಿರುತ್ತಾರೆ? ನಾನು ಎಣಿಸಿದಾಗ ಐವತ್ತೆಂಟು. ನಮ್ಮ ಮನೆಯವರು ಎಣಿಸಿದಾಗ ಐವತ್ತೇಳು, ಆಮೇಲೆ ಇವರ ಮೊಣಕಾಲಡಿಯಿಂದಲೇ ಇನ್ನೊಂದು ಹೊರಬಂತು. ಫ್ರಿಜ್ ಸರಿಸಿದೆವು, ಒಲೆಯ ಕೆಳಗೆ ಪೊರಕೆ ಆಡಿಸಿದೆವು. ಐವತ್ತೆಂಟೇ. ಆದರೆ ಐವತ್ತೆಂಟು ಎಂದರೆ ಪೂರ್ತಿಯೋ, ಒಂದು ಕಮ್ಮಿಯೋ?

ಅದು ಗೊತ್ತಿದ್ದದ್ದು ಒಬ್ಬರಿಗೇ, ಸರ ಮಾಡಿಕೊಟ್ಟ ಮಣಿಯಕ್ಕನಿಗೆ. ಅವರಿಗೆ ಫೋನ್ ಇಲ್ಲ. ಇವರು ಕ್ಲಿನಿಕ್ಕಿನಲ್ಲಿ ಚೀಟಿ ಹಿಡಿಯಲು ಹೋದರು. ನಾನು ಮಣಿಗಳನ್ನು ಡಬ್ಬಿಗೆ ಸುರಿದುಕೊಂಡು ಮಗಳೊಂದಿಗೆ ಆಟೋ ಹತ್ತಿದೆ. ಕ್ಲಿನಿಕ್ ಅಕ್ಕನ ಬೀದಿಯ ತುದಿಯಲ್ಲೇ ಇದ್ದದ್ದು ಪುಣ್ಯ.

ಮಣಿಯಕ್ಕ ಸರ ಪೋಣಿಸುವವರು. ಅವರ ತಮ್ಮ, ನಮ್ಮ ಟೈಲರ್ ಮಾಸ್ಟ್ರು, ಮುಂದಿನ ಅರ್ಧ ಕೋಣೆಯಲ್ಲಿ ಹೊಲಿಯುತ್ತಾರೆ. ಹಿಂದಿನ ಅರ್ಧದಲ್ಲಿ, ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು ಅಕ್ಕ ಕೂರುತ್ತಾರೆ. ಮೊದಲು ಅವರ ಕೆಲಸ ತಮ್ಮನ ಅಂಗಡಿಗೆ ಗುಂಡಿ ಹಚ್ಚುವುದು. ಹರಿದ ಸರ ತಂದವರಿಗೆ ಸುಮ್ಮನೆ ಪೋಣಿಸಿಕೊಡುತ್ತ ಅದೇ ಕಸುಬಾಯಿತಂತೆ. ಈಗ ಅರವತ್ತರ ಹತ್ತಿರ. ಕೊರಳಲ್ಲಿ ಅಳತೆ ಟೇಪ್ ಬಿಟ್ಟರೆ ಬೇರೇನೂ ಇಲ್ಲ. "ನಮ್ಮಕ್ಕನ ಒಡವೆ ಅದೊಂದೇ ನೋಡಿ" ಎಂದು ಮಾಸ್ಟ್ರು ಕೆಣಕುತ್ತಾರೆ. "ನಿನ್ನ ಹೊಲಿಗೆ ಎಷ್ಟು ಸೊಟ್ಟ ಅಂತ ಅಳೆಯೋಕೆ ಯಾರಾದ್ರೂ ಬೇಕಲ್ಲಪ್ಪ" ಎಂದು ಅಕ್ಕ ಹಿಂದಿನಿಂದಲೇ ಉತ್ತರ ಕೊಡುತ್ತಾರೆ.

ನಾಲ್ಕು ತಿಂಗಳ ಹಿಂದೆ, ಮತ್ತೆ ಕೆಲಸಕ್ಕೆ ಸೇರುವ ಮುಂಚೆ, ಹಳೇ ಬಟ್ಟೆಗಳ ಹೊಲಿಗೆ ಬಿಡಿಸಿ ಸಡಿಲ ಮಾಡಿಸಲು ಮಾಸ್ಟ್ರ ಹತ್ತಿರ ಹೋಗಿದ್ದೆ. ಬಿಡಿಸಲು ಒಳಗೆ ಹೆಚ್ಚುವರಿ ಬಟ್ಟೆಯೇ ಇರಲಿಲ್ಲ. ಕೊನೆಗೆ ಬೂದು, ಕಪ್ಪು, ಕಡುನೀಲಿ ಮೂರು ಸಾದಾ ಟಾಪ್ ಹೊಲಿಸಿದೆ. ಹಾಕಿಕೊಂಡು ಕನ್ನಡಿ ನೋಡಿದರೆ ಸೋಫಾಕ್ಕೆ ಹೊದಿಕೆ ಹೊದಿಸಿದ ಹಾಗಿತ್ತು. ಅಂಗಡಿಯಲ್ಲೇ ಕಣ್ಣೀರು ಬಂತು. ಮಾಸ್ಟ್ರು ಗಾಬರಿಯಾಗಿ, "ಅಕ್ಕಾ, ಇದು ನನ್ನ ಕೈಲಾಗೋ ಕೆಲಸ ಅಲ್ಲ, ನೀನು ಬಾ" ಎಂದರು.

ಅಕ್ಕ ಬಂದು ನನ್ನನ್ನು ಒಂದು ಸುತ್ತು ಹಾಕಿ ನೋಡಿದರು.

"ಮೈ ಬಚ್ಚಿಡೋಕೆ ಹೊರಟಿದ್ದೀಯ. ಆಗಲ್ಲ ಅದು. ನೋಡೋರ ಕಣ್ಣಿಗೆ ಒಂದು ಕೆಲಸ ಕೊಡು, ಅವು ಅಲ್ಲೇ ಕೂತಿರ್ತವೆ."

"ದೊಡ್ಡ ಓಲೆ ಹಾಕ್ಕೊಳ್ಳಲಾ?"

"ದುಂಡು ಮುಖಕ್ಕೆ ದುಂಡು ಓಲೆ ಹಾಕಿದ್ರೆ ಮೂರು ದುಂಡಾಗುತ್ತೆ. ಉದ್ದಕ್ಕೆ ಇಳಿಯೋವು ಹಾಕು. ಕುತ್ತಿಗೆಗೆ ಅಂಟೋ ಸರ ಬೇಡ, ನಿನ್ನದು ಮೊದಲೇ ಗಿಡ್ಡ ಕುತ್ತಿಗೆ. ಹಾಗಂತ ಎದೆ ದಾಟಿ ಇಳಿದ್ರೂ ಬಾವಿಗೆ ಬಿಟ್ಟ ಕೊಡದ ಹಾಗೆ ತೂಗಾಡುತ್ತೆ. ಎದೆಗಿಂತ ನಾಲ್ಕು ಬೆರಳು ಮೇಲೆ ನಿಲ್ಲಿಸೋಣ. ಬಟ್ಟೆ ಸಪ್ಪೆ ಇದೆ ಅಂತ ಅಳಬೇಡ. ಬಟ್ಟೆ ಸುಮ್ಮನಿದ್ರೆ ತಾನೆ ಸರ ಮಾತಾಡೋಕಾಗೋದು? ಎರಡೂ ಒಟ್ಟಿಗೆ ಕಿರುಚಿದ್ರೆ ಸಂತೆ."

ಆಮೇಲೆ ಮಗಳನ್ನು ಎತ್ತಿಕೊಂಡು ಬಾಗಿಲವರೆಗೆ ನಡೆದು ಬರಲು ಹೇಳಿದರು. ಯಾಕೆ ಎಂದು ನಾನು ಕೇಳಲಿಲ್ಲ. ಎರಡು ದಿನದಲ್ಲಿ ಸರ ಸಿದ್ಧವಾಯಿತು. ನಡುವೆ ಗೋಲಿಯಷ್ಟು ದೊಡ್ಡ ಮಣಿ, ಅಲ್ಲಿಂದ ಎರಡೂ ಕಡೆ ಚಿಕ್ಕದಾಗುತ್ತ ಹೋಗಿ, ಹಿಂದೆ ಕೊಂಡಿಯ ಹತ್ತಿರ ಮೆಣಸಿನ ಕಾಳಿನಷ್ಟು. ಆಫೀಸಿನಲ್ಲಿ ಪಕ್ಕದ ಮೇಜಿನವಳು "ಅರೆ, ಇಳಿದುಬಿಟ್ಟಿದ್ದೀಯಲ್ಲೇ" ಎಂದಳು. ತೂಕದಲ್ಲಿ ಒಂದು ಗ್ರಾಮೂ ಇಳಿದಿರಲಿಲ್ಲ.

ಸರ ಕೊಡುವಾಗ ಅಕ್ಕ ಒಂದೇ ಮಾತು ಹೇಳಿದ್ದರು: "ಮಗು ಎತ್ಕೊಳ್ಳೋ ಮೊದಲು ಇದನ್ನ ಮೊಳೆಗೆ ಹಾಕು." ಮೊಳೆಯನ್ನೂ ಹೊಡೆದಿದ್ದೆ. ಆಟೋದಲ್ಲಿ ಆ ಖಾಲಿ ಮೊಳೆಯೇ ಕಣ್ಣಮುಂದೆ ಬರುತ್ತಿತ್ತು.

ನಾನು ಹೋದಾಗ ಮಾಸ್ಟ್ರು ಒಬ್ಬರೇ ಇದ್ದರು. ಅಕ್ಕ ಯಾರದೋ ಮನೆಗೆ ಸರ ತಲುಪಿಸಲು ಹೋಗಿದ್ದಾರೆ, ಈಗ ಬಂದುಬಿಡುತ್ತಾರೆ ಎಂದರು. ವಿಷಯ ಕೇಳಿ ಪೆಡಲಿನಿಂದ ಕಾಲು ತೆಗೆದರು.

"ಎಷ್ಟಿದೆ ಅಂದ್ರಿ?"

"ಐವತ್ತೆಂಟು."

ಮಾಸ್ಟ್ರು ತಲೆ ಕೆರೆದುಕೊಂಡರು. "ಅಲ್ಲ ಮೇಡಂ... ಈ ಥರದ ಸರ ನಮ್ಮಕ್ಕ ಯಾವಾಗಲೂ ಬೆಸ ಸಂಖ್ಯೆಗೇ ಪೋಣಿಸೋದು. ನಡುವೆ ಒಂದು, ಎರಡು ಕಡೆ ಸಮ ಸಮ."

ಆಡಿದ ಮೇಲೆ ಅವರಿಗೂ ಆಡಬಾರದಿತ್ತು ಅನಿಸಿರಬೇಕು. ಕುರ್ಚಿ ತಂದಿಟ್ಟರು, ನೀರು ಕೊಟ್ಟರು. ನನಗೆ ಕೂರಲಾಗಲಿಲ್ಲ. ಮಗಳ ಎದೆಗೆ ಕಿವಿ ಇಟ್ಟೆ. ಗುರ್ ಅಂದಂತಾಯಿತು. ಮತ್ತೆ ಇಟ್ಟೆ, ಅದು ಬೀದಿಯ ಬೈಕ್. ಮೊಬೈಲ್ ತೆಗೆದು ಮಣಿ ನುಂಗಿದ ಮಕ್ಕಳ ಬಗ್ಗೆ ನಾಲ್ಕು ಸಾಲು ಓದಿದವಳು ಮುಂದೆ ಓದಲಾಗದೆ ಮುಚ್ಚಿದೆ. ಚೆಂದ ಕಾಣಬೇಕು ಅನ್ನುವ ಚಪಲ ನನಗೇಕೆ ಬೇಕಿತ್ತು? ಸೋಫಾದ ಹಾಗಿದ್ದರೆ ಏನಾಗುತ್ತಿತ್ತು? ಒಂಬತ್ತಕ್ಕೆ ಹತ್ತು ನಿಮಿಷವಿತ್ತು.

ಅಕ್ಕ ಬಂದವರು ನನ್ನ ಮುಖ ನೋಡಿಯೇ ಚಪ್ಪಲಿ ಬಿಡುವುದನ್ನು ಮರೆತರು. ಇಡೀ ಕಥೆಯನ್ನು ಮಾಸ್ಟ್ರೇ ಹೇಳಿದರು. ಅಕ್ಕ ಡಬ್ಬಿ ತೆಗೆದುಕೊಂಡು, ಗೀರು ಕೊರೆದ ಹಲಗೆಯನ್ನು ಮೇಜಿನ ಮೇಲಿಟ್ಟು, ದೊಡ್ಡ ಮಣಿಯನ್ನು ನಡುವೆ ಕೂರಿಸಿದರು. ಅದರ ಎಡಕ್ಕೊಂದು, ಬಲಕ್ಕೊಂದು. ಗಾತ್ರಕ್ಕೆ ಗಾತ್ರ ಜೋಡಿ ಮಾಡುತ್ತ ಹೋದರು. ಅವರ ಬೆರಳು ಅವಸರಪಡಲಿಲ್ಲ. ನನಗೆ ಕಿತ್ತುಕೊಂಡು ನಾನೇ ಜೋಡಿಸಿಬಿಡಬೇಕು ಅನಿಸಿತು.

ಇಪ್ಪತ್ತೆಂಟು ಜೋಡಿಯಾದವು. ಎಡಗಡೆಯ ತುದಿಗೆ ಇನ್ನೊಂದು ಮಣಿ ಕೂತಿತು, ಎಲ್ಲಕ್ಕಿಂತ ಚಿಕ್ಕದು. ಅದರ ಎದುರಿಗೆ ಬಲಗಡೆ ಖಾಲಿ.

"ಒಂದು ಕಮ್ಮಿ" ಎಂದೆ. "ಅಕ್ಕ, ಒಂದು ಕಮ್ಮಿ ಅಲ್ವಾ?"

ಅಕ್ಕ ಹಲಗೆಯನ್ನೇ ನೋಡುತ್ತ ಇದ್ದರು. ಆಮೇಲೆ ತಲೆಯೆತ್ತಿ, ಸೊಂಟದ ಮೇಲೆ ಮಗಳನ್ನು ಹೊತ್ತು ನಿಂತಿದ್ದ ನನ್ನನ್ನು ನೋಡಿದರು.

"ಏನು ಅಂತ ಹೇಳಿಬಿಡಿ ಅಕ್ಕ. ಹತ್ತಕ್ಕೆ ಡಾಕ್ಟ್ರು."

"ಹೇಳ್ತೀನಿ. ಹಾಗೇ ಆ ಕನ್ನಡಿ ಮುಂದೆ ನಿಂತ್ಕೋ."

"ಕನ್ನಡಿ ನೋಡೋ ಹೊತ್ತಾ ಇದು?"

"ನಿಂತ್ಕೋ ಮಗಳೇ. ನಿನ್ನ ಎಡಭುಜ ನೋಡು, ಬಲಭುಜ ನೋಡು."

ನೋಡಿದೆ. ಎಡಭುಜ ಕಿವಿಯ ಕಡೆ ಏರಿ ಕೂತಿತ್ತು. ಇಷ್ಟು ದಿನ ನನಗೆ ಕಂಡೇ ಇರಲಿಲ್ಲ.

"ಯಾವಾಗಲೂ ಎಡಗಡೇನೇ ಎತ್ಕೊಳ್ತೀಯ. ಮಗು ಇಳಿಸಿದ ಮೇಲೂ ಆ ಭುಜ ಇಳಿಯಲ್ಲ. ಸಮ ಪೋಣಿಸಿದ್ರೆ ನಡುಮಣಿ ಒಂದು ಕಡೆ ವಾಲ್ತಿತ್ತು, ಸೊಟ್ಟಗೆ ಕಾಣ್ತಿದ್ದೆ. ಅದಕ್ಕೆ ಬಲಗಡೆ ಕೊನೇದೊಂದು ಮಣಿ ನಾನೇ ತೆಗೆದೆ."

"ನೀವೇ ತೆಗೆದಿರಾ? ನೆನಪಿದೆಯಾ? ಬೇರೆ ಯಾರದೋ ಸರದ್ದು ಅಲ್ಲ ತಾನೆ?"

ಅಕ್ಕ ಮೇಜಿನಡಿಯಿಂದ ತಗಡಿನ ಡಬ್ಬ ಎಳೆದರು. ಒಳಗೆ ನೂರಾರು ಸಣ್ಣ ಕಾಗದದ ಪೊಟ್ಟಣ. ಅಕ್ಕನಿಗೆ ಬರಹ ಅಷ್ಟಕ್ಕಷ್ಟೆ. ಹಾಗಾಗಿ ಪ್ರತಿ ಪೊಟ್ಟಣದ ಮೇಲೂ ಪೆನ್ಸಿಲಿನಲ್ಲಿ ಒಂದು ಚಿತ್ರ: ಒಂದರ ಮೇಲೆ ಉದ್ದ ಕುತ್ತಿಗೆ, ಒಂದರ ಮೇಲೆ ಎರಡು ಗಲ್ಲ, ಒಂದರ ಮೇಲೆ ಗೂನು ಬೆನ್ನು. ಅಕ್ಕನ ಬೆರಳು ಒಂದೊಂದನ್ನೇ ಸರಿಸುತ್ತ ಹುಡುಕಿತು. ಕೊನೆಗೆ ಒಂದನ್ನು ಹೊರತೆಗೆದರು. ಅದರ ಮೇಲೆ ವಾಲಿದ ಒಂದು ಗೆರೆ, ಗೆರೆಯ ಎತ್ತರದ ತುದಿಯಡಿ ಮೊಟ್ಟೆಯಂಥ ಪುಟ್ಟ ತಲೆ. ನಾನು, ನನ್ನ ಮಗಳು.

ಪೊಟ್ಟಣ ಬಿಚ್ಚಿ ಹಲಗೆಯ ಖಾಲಿ ಜಾಗಕ್ಕೆ ಕೊಡವಿದರು. ಮೆಣಸಿನ ಕಾಳಿನಷ್ಟು ಮಣಿ ಉರುಳಿ ತನ್ನ ಜೋಡಿಯ ಎದುರಿಗೆ ನಿಂತಿತು.

ನಾನು ಆಗ ಕುರ್ಚಿಯಲ್ಲಿ ಕೂತೆ. ಮಗಳು ನನ್ನ ಮೂಗು ಹಿಡಿದಳು.

"ಮೊದಲೇ ಹೇಳಬಾರದಿತ್ತಾ ಅಕ್ಕ?" ಎಂದೆ, ಅಳುತ್ತಲೇ.

"ಹೇಳಲ್ಲ ನಾನು. ಹಿಂದೆ ಒಂದು ಹುಡುಗಿಗೆ, ನಿನ್ನ ಒಂದು ಕಿವಿ ಸ್ವಲ್ಪ ಕೆಳಗಿದೆ, ಅದಕ್ಕೆ ಆ ಓಲೆ ಗಿಡ್ಡ ಮಾಡಿದ್ದೀನಿ ಅಂದೆ. ಒಳ್ಳೇದಕ್ಕೇ ಅಂದಿದ್ದು. ಈಗ ಅವಳು ಅಂಚೆ ಕಚೇರಿ ಕೌಂಟರ್‌ನಲ್ಲಿ ಕೂರ್ತಾಳೆ. ಇಪ್ಪತ್ತು ವರ್ಷವಾಯ್ತು, ಇವತ್ತಿಗೂ ಕಿವಿ ಮೇಲೆ ಕೂದಲು ಎಳ್ಕೊಂಡೇ ಇರ್ತಾಳೆ. ಅವತ್ತಿಂದ ಯಾರಿಗೂ ಹೇಳಿಲ್ಲ. ಸುಮ್ನೆ ಒಂದು ಮಣಿ ತೆಗೀತೀನಿ, ಒಂದು ಸೇರಿಸ್ತೀನಿ." ಹಲಗೆಯ ಮೇಲಿದ್ದ ಆ ಮಣಿಯನ್ನು ಬೆರಳ ತುದಿಗೆ ಅಂಟಿಸಿಕೊಂಡರು. "ಇನ್ನು ನೀನೂ ಕನ್ನಡಿಲಿ ಬರೀ ಭುಜ ನೋಡ್ತೀಯ, ಅಷ್ಟೆ."

ಮಾಸ್ಟ್ರು ಮೆಲ್ಲಗೆ, "ನನಗೂ ಹೇಳಿಲ್ಲ ನೋಡಿ ಇವಳು. ತೋಳು ಯಾಕೆ ಕೂರ್ತಿಲ್ಲ ಅಂತ ನಾಲ್ಕು ಸಲ ಬಿಚ್ಚಿ ಹೊಲಿದಿದ್ದೀನಿ" ಎಂದರು.

"ನಿನಗೆ ಕಣ್ಣಿಲ್ವಾ?"

"ಹಾಗಾದ್ರೆ ಇನ್ಮೇಲೆ ಬಲಗಡೆ ಎತ್ಕೊಳ್ಳಲಾ?" ಎಂದು ಕೇಳಿದೆ.

"ಬೇಡಮ್ಮ. ಆಮೇಲೆ ನಾನು ಆ ಕಡೆಯಿಂದ ತೆಗೀಬೇಕಾಗುತ್ತೆ."

ಡಾಕ್ಟರ ಹತ್ತಿರ ಹೋದೆ, ಹೋಗದೆ ಇರುವ ಧೈರ್ಯ ನನಗಿಲ್ಲ. ಸಂಖ್ಯೆ ಹೇಳಿದೆ. ಅವರು ಎದೆಗೆ, ಬೆನ್ನಿಗೆ ಕೊಳವೆಯಿಟ್ಟು ಕೇಳಿ, ಬಾಯಿ ನೋಡಿ, ಹೊಸ ಹಲ್ಲು ಬರುತ್ತಿದೆ, ಅದಕ್ಕೇ ಬಾಯಾಡಿಸುತ್ತಾಳೆ ಎಂದರು. ಚೀಟಿ ಹಿಡಿದು ಕಾದಿದ್ದ ಇವರು ಆಗ ಮೊದಲ ಸಲ ಕೂತರು. ಆ ರಾತ್ರಿಯೂ ನಾನು ಎರಡು ಸಲ ಎದ್ದು ಅವಳ ಮೂಗಿನ ಹತ್ತಿರ ಬೆರಳು ಹಿಡಿದೆ.

ಮರುವಾರ ಸರ ತರಲು ಹೋದೆ. ಈ ಸಲ ಗಟ್ಟಿ ದಾರ, ಮಣಿ ಮಣಿಗೂ ಗಂಟು. ಐವತ್ತೆಂಟು. ಅಂಗಡಿಯಲ್ಲೇ ಎರಡು ಸಲ ಎಣಿಸಿದೆ. ಅಕ್ಕ ನಗಲಿಲ್ಲ, ಎಣಿಸಲು ಬಿಟ್ಟರು.

"ಆ ಇನ್ನೊಂದನ್ನೂ ಕೊಟ್ಟುಬಿಡಿ ಅಕ್ಕ, ನನ್ನ ಹತ್ತಿರವೇ ಇರಲಿ."

"ಕೊಡಲ್ಲ. ನಿನ್ನ ಮನೇಲಿ ಅದನ್ನ ಯಾರು ಕಾಯ್ತಾರೆ? ಇವಳು ನಡೀಲಿ. ಎತ್ಕೋ ಅಂತ ಕೇಳೋದು ಬಿಡಲಿ. ಆ ಭುಜ ತಾನೇ ಇಳಿಯುತ್ತೆ, ಆಗ ಬಾ, ಸೇರಿಸ್ತೀನಿ."

ಪೊಟ್ಟಣ ಮತ್ತೆ ಡಬ್ಬ ಸೇರಿತು. ನಾನು ಸರವನ್ನು ಕೊರಳಿಗೆ ಹಾಕಿಕೊಂಡೆ. ಮಗಳು ಕೈ ಚಾಚಿದಳು. ಸರವನ್ನು ತೆಗೆದು ಚೀಲದೊಳಗಿಟ್ಟು, ಆಮೇಲೆ ಅವಳನ್ನು ಎಡಕ್ಕೆ ಎತ್ತಿಕೊಂಡೆ.