ಹಾಲಮ್ಮ ಬರೆಸಿದ ಸುಳ್ಳು

ಕುಬಟೂರಿನ ಹಾಲಮ್ಮ ಮೂವತ್ತು ವರ್ಷದಿಂದ ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವವಳು. ಆಶಾ ಕಾರ್ಯಕರ್ತೆ ತೃಪ್ತಿ ಮನೆಗೆ ಬಂದು ಅದನ್ನೇ ಕೇಳಿದಾಗ ಅವಳಿಗೆ ಅನುಮಾನ ಬಂತು. ಹಿಂದೊಮ್ಮೆ ಹೀಗೇ ಯಾರೋ ಬರೆದುಕೊಂಡು ಹೋದಮೇಲೆ ಅವಳ ರೇಷನ್ ಕಾರ್ಡ್ ರದ್ದಾಗಿತ್ತು.

“ಈ ಪಟ್ಟಿ ಯಾರಿಗೆ ಕೊಡ್ತೀಯ ತಂಗಿ?”

“ಜಿಲ್ಲೆಗೆ ಕಳಿಸ್ತೀವಿ ಹಾಲಮ್ಮಕ್ಕ. ಕ್ಯಾನ್ಸರ್ ತಡೆಯೋಕೆ ಯೋಜನೆ ಮಾಡ್ತಿದಾರೆ.”

“ನಾನು ಹೊಗೆಸೊಪ್ಪು ಮುಟ್ಟಲ್ಲ, ಬರ್ಕ.” ಬಾಯಲ್ಲಿದ್ದುದನ್ನು ಕೆನ್ನೆಗೆ ಒತ್ತಿಕೊಂಡೇ ಹೇಳಿದಳು. ಅಷ್ಟಕ್ಕೆ ಬಿಡದೆ, ತೃಪ್ತಿಗಿಂತ ಮುಂಚೆ ಕೇರಿಯೆಲ್ಲ ಓಡಾಡಿ, ಯಾರೂ ನಿಜ ಹೇಳಬೇಡಿ ಎಂದು ಎಚ್ಚರಿಸಿ ಬಂದಳು.

ಎರಡು ತಿಂಗಳ ಮೇಲೆ ಬಾಯಿ ಪರೀಕ್ಷೆಯ ವ್ಯಾನು ಸುತ್ತಲಿನ ಊರುಗಳಿಗೆ ಬಂತು, ಅವರ ಕೇರಿಗೆ ಬರಲಿಲ್ಲ. ಹಾಲಮ್ಮನ ಕೆನ್ನೆಯೊಳಗೆ ಆಗಲೇ ಮಾಯದ ಬಿಳಿ ಕಲೆಯೊಂದಿತ್ತು. ಅವಳು ಸಿಟ್ಟಿನಿಂದ ತೃಪ್ತಿಯ ಮನೆಗೆ ಹೋದಳು.

“ನಮ್ಮನ್ಯಾಕೆ ಬಿಟ್ರು? ಇದ್ರಾಗೆ ಏನೋ ಮಸಲತ್ತು ಐತೆ.”

“ನಿಮ್ಮ ಕೇರೀಲಿ ಒಬ್ರೂ ಹೊಗೆಸೊಪ್ಪು ಹಾಕಲ್ಲ ಅಂತ ಬರೆಸಿದ್ರಲ್ಲಕ್ಕ. ಜಾಸ್ತಿ ಹಾಕೋರಿರೋ ಕಡೆಗೆ ಮೊದ್ಲು ಕಳಿಸ್ತಾರೆ.”

ಹಾಲಮ್ಮ ನೇರ ಕೇರಿಗೆ ವಾಪಸು ನಡೆದಳು. ಮರುದಿನ ತಾನೇ ಹದಿನೇಳು ಜನರನ್ನು ಕರೆತಂದು ತೃಪ್ತಿಯ ಮುಂದೆ ನಿಲ್ಲಿಸಿ ನಿಜ ಬರೆಸಿದಳು. ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿದಳು.

ಮುಂದಿನ ವಾರ ವ್ಯಾನು ಬಂತು. ಅವಳ ಕಲೆ ಇನ್ನೂ ಕ್ಯಾನ್ಸರಿಗೆ ತಿರುಗಿದಂತಿಲ್ಲ, ಆದರೂ ತಡಮಾಡಬಾರದು ಎಂದು ವೈದ್ಯರು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಹಾಲಮ್ಮ ಹೊರಟಳು, ತೃಪ್ತಿಯನ್ನೂ ಬಸ್ಸಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡಳು. ಅಲ್ಲಿನವರನ್ನು ಅವಳಿನ್ನೂ ಪೂರಾ ನಂಬಿರಲಿಲ್ಲ.